ಹಾವಿನ ಹಾಸಿಗೆ

ಲವೀನಾಗೆ ಸಾಕುಸಾಕಾಗಿತ್ತು. ಗಂಡ ಆಸೆಪಟ್ಟು ತಂದ ಹಾವಿನ ಗಾಜಿನ ಗೂಡಿಗೆ ಏನು ಹಾಸಿದರೂ ಒಂದಲ್ಲ ಒಂದು ರಗಳೆ. ಹಳೇ ಪೇಪರ್ ಒದ್ದೆಯಾಗಿ ನಾರುತ್ತಿತ್ತು. ಅಂಗಡಿಯ ತೆಂಗಿನ ನಾರಿನ ಪುಡಿ ಅವಳ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ತಂದ ಪೈನ್ ಮರದ ಹೊಟ್ಟಿನ ಘಾಟಿಗೆ ಹಾವು ಬಾಯಿ ತೆರೆದು ಉಸಿರೆಳೆಯತೊಡಗಿತ್ತು. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರ್ ಗದರಿದ್ದರು.

ಯಾರೋ ಹೇಳಿದರೆಂದು, ತನ್ನ ಮನೆಯ ಹಿತ್ತಲಲ್ಲಿ ಹಲಗೆ ಕೀಸುತ್ತಿದ್ದ ಬಡಗಿಯೊಬ್ಬನ ಬಳಿಗೆ ಹೋದಳು.

"ಈ ಹೊಟ್ಟು ಯಾವ ಮರದ್ದು?"

"ಮಾವು. ಬೇಕಾದಷ್ಟು ತುಂಬಿಸಿಕೊಳ್ಳಿ, ದುಡ್ಡು ಬೇಡ."

"ಪಾಲಿಶ್, ಗೆದ್ದಲಿನ ಔಷಧಿ ಏನಾದರೂ ಹಾಕ್ತೀರಾ?"

"ಎಂತಕ್ಕೆ ಮಾರಾಯ್ರೇ? ನಾನು ಮಾಡುವುದು ಬಾಳಿಕೆ ಬರಬೇಕು ಅಂತ ಯಾರೂ ಕೇಳುವುದಿಲ್ಲ."

"ಎಲ್ಲರೂ ಹೀಗೇ ಹೇಳುವುದು! ನಮ್ಮವರು ಹಾವು ತಂದಿಟ್ಟು ಹೋದರು, ಗೋಳು ನನಗೆ. ಘಾಟು ಇಲ್ಲ ಅಂತ ಹೇಗೆ ನಂಬುವುದು?"

ಬಡಗಿ ಕೀಸುಳಿ ಕೆಳಗಿಟ್ಟು ಅವಳ ಮುಖ ನೋಡಿದ.

"ಹೋದ ವರ್ಷ ನಿಮ್ಮ ಯಜಮಾನರ ಶವಪೆಟ್ಟಿಗೆ ಇದೇ ಮರದಲ್ಲಿ ಮಾಡಿಕೊಟ್ಟದ್ದು ನಾನೇ. ಇಗರ್ಜಿಯಲ್ಲಿ ಅಷ್ಟು ಹೊತ್ತು ಅದರ ಮೇಲೆ ಮುಖವಿಟ್ಟು ಕೂತಿದ್ದಿರಲ್ಲ ಬಾಯಮ್ಮ, ಏನಾದರೂ ಘಾಟು ಬಂತಾ?"