ಗೋಧಿ ಎಲ್ಲಿಂದ ಬಂತು

ಹೆಂಡತಿ ಬಚ್ಚಲಿಗೆ ಹೋದದ್ದೇ ತಡ, ಪುಸ್ತಕ ಹೊಲಿಯುವ ಬೈಂಡರ್ ಅಡುಗೆಮನೆಯ ಡಬ್ಬಗಳಿಗೆಲ್ಲ ಕೈ ಹಾಕಿದ. ಅಕ್ಕಿ, ಬೇಳೆ, ಜೋಳದ ಹಿಟ್ಟು. ಗೋಧಿಯ ಸುಳಿವಿಲ್ಲ. ನಡುಗುವ ಕೈಯಿಂದ ಒಂದು ಡಬ್ಬ ಜಾರಿ ಉರುಳಿತು.

ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಗೋಧಿ ಹೊಟ್ಟೆಗೆ ಹೋದರೆ ಅವನ ಮೈ ಅವನ ಮಿದುಳನ್ನೇ ಕೆಡಿಸುತ್ತದೆ, ಚಿಟಿಕೆಯಷ್ಟೂ ಕೂಡದು. ಬಿಟ್ಟು ಎರಡು ವರ್ಷವಾಯಿತು. ಆದರೂ ಹೆಂಡ ಮುಟ್ಟದ ಮನುಷ್ಯ ಹಾಡಹಗಲೇ ತೂರಾಡುತ್ತಾನೆ. ರಕ್ತಪರೀಕ್ಷೆಯದು ಪ್ರತಿಸಲವೂ ಒಂದೇ ರಾಗ: ಗೋಧಿ ಒಳಗೆ ಹೋಗುತ್ತಿದೆ.

ಬೇಯಿಸಿ ಹಾಕುವವಳು ಒಬ್ಬಳೇ. ಮಧ್ಯಾಹ್ನ ಅಂಗಡಿಗೆ ಬುತ್ತಿ ತಂದು, ಅವನು ಉಂಡು ಮತ್ತೆ ಕೆಲಸಕ್ಕೆ ಕೂತರೂ ಎದ್ದು ಹೋಗದೆ ನೋಡುತ್ತ ಕೂರುವವಳು. ಅವಳಿಗೆ ಹಗೆ ಇರಲು ಕಾರಣವೂ ಇತ್ತು. ಅವಳ ಎಡಗಿವಿ ಕೇಳಿಸದಂತಾದದ್ದು ಅವನ ಕೈಯಿಂದಲೇ.

"ಊಟಕ್ಕೆ ಏನು ಬೆರೆಸ್ತಿದ್ದೀಯ? ಬೊಗಳು."

"ನಾನು ಏನೂ ಬೆರೆಸಿಲ್ಲ ಕಣ್ರೀ. ಬೇಕಾದ್ರೆ ನನ್ನ ತಟ್ಟೇಲೇ ಉಣ್ಣಿ."

ಅವನು ನಂಬಲಿಲ್ಲ. ಅಂದೇ ಅವಳನ್ನು ಅವಳಣ್ಣನ ಮನೆಗೆ ಅಟ್ಟಿದ. ಅವಳು ಅಳಲೂ ಇಲ್ಲ, ಅಂಗಲಾಚಲೂ ಇಲ್ಲ.

ನಾಲ್ಕು ತಿಂಗಳು ತಾನೇ ಅನ್ನ ಬೇಯಿಸಿಕೊಂಡ. ಕಾಲು ಇನ್ನಷ್ಟು ಸೋತಿತು. ಸೂಜಿಗೆ ದಾರ ಪೋಣಿಸಲೂ ಆಗದಾಯಿತು. ಈಗ ಯಾರನ್ನು ದೂರುವುದು?

ಒಂದು ದಿನ ಡಾಕ್ಟರೇ ಹರಿದ ಪುಸ್ತಕವೊಂದನ್ನು ಹಿಡಿದು ಅಂಗಡಿಗೆ ಬಂದರು. ಬೈಂಡರ್ ಪುಸ್ತಕದ ಬೆನ್ನಿಗೆ ಅಂಟು ಬಳಿದ, ಹೆಬ್ಬೆರಳಿಗೆ ಎಂಜಲು ಹಚ್ಚಿದ, ಹಾಳೆ ಎಣಿಸಿದ. ಮತ್ತೆ ಅಂಟು, ಮತ್ತೆ ನಾಲಿಗೆ. ಡಾಕ್ಟರು ಅವನ ಮಣಿಕಟ್ಟು ಹಿಡಿದರು.

"ಇದು ಯಾತರ ಅಂಟು?"

"ಮೈದಾ ಕುದಿಸಿದ್ದು. ನಮ್ಮಪ್ಪನ ಕಾಲದಿಂದ ಇದೇ."

"ಮೈದಾ ಅಂದ್ರೆ ಗೋಧೀನೇ ಅಲ್ವೇನ್ರೀ! ದಿನಕ್ಕೆ ನೂರು ಸಲ ನೆಕ್ತಿದ್ದೀರಲ್ಲ!"

"ಈಗ ಬಿಟ್ರೆ... ವಾಸಿಯಾಗುತ್ತಾ?"

"ಹೋದದ್ದು ಹೋಯ್ತು. ಇನ್ನಷ್ಟು ಹೋಗದ ಹಾಗೆ ನೋಡ್ಕೋಬಹುದು, ಅಷ್ಟೇ."

ಮರುದಿನವೇ ಗೋಡೆ ಗೋಡೆ ಹಿಡಿದು ಭಾವನ ಮನೆ ಸೇರಿದ. ಬಾಗಿಲು ತೆಗೆದವಳ ಎದುರು ಕುಸಿದು ಕೂತು ಗೊಳೋ ಎಂದು ಅತ್ತ.

"ತಪ್ಪಾಯ್ತು ಕಣೇ. ನೀನಲ್ಲ, ನನ್ನ ಬೆರಳಿನ ಅಂಟು. ನಿನ್ನ ಮೇಲೆ ಸುಮ್ಮಸುಮ್ಮನೆ ಅನುಮಾನಪಟ್ಟೆ."

ಅವಳು ಅವನಿಗೆ ನೀರು ತಂದು ಕೊಟ್ಟಳು. ಲೋಟ ಅಲುಗದಂತೆ ತಾನೇ ಹಿಡಿದು ಕುಡಿಸಿದಳು.

"ನನಗೆ ಅಂಗಡೀಲಿ ಮೊದಲ ದಿನ ಕೂತಾಗಲೇ ಗೊತ್ತಾಯ್ತು" ಎಂದಳು. "ಹೇಳೋಣ ಅಂತಾನೇ ಮನೆಗೆ ಬಂದೆ. ಅವತ್ತು ಸಂಜೆ, ಮದುವೆಯಾದ ಮೇಲೆ ಮೊದಲನೇ ಸಲ, ನೀವು ಎತ್ತಿದ ಕೈ ಗುರಿ ತಪ್ಪಿ ಗೋಡೆಗೆ ಬಡೀತು."