ಸಾಕ್ಷಿಗೆ ಪಾಲಿಲ್ಲ

ಉಯಿಲು ಓದುತ್ತಿದ್ದ ಲಾಯರ್ ಷಡಕ್ಷರಿ ಆರನೇ ಹಾಳೆಯಲ್ಲಿ ಗಕ್ಕನೆ ನಿಂತರು. “ಜವರಮ್ಮ ಕೋಂ ಭೂತಯ್ಯ ಅಂದ್ರೆ ಇವರೇನಾ ಸಾರ್?”

ಬಂಗಲೆಯ ಜಗಲಿ ಕಂಬಕ್ಕೆ ಒರಗಿದ್ದ ಜವರಮ್ಮ ತಲೆ ಎತ್ತಿದಳು. ಕಾಫಿ ಹಣ್ಣು ಕೊಯ್ಯುತ್ತಿದ್ದವಳನ್ನು ತೋಟದ ಸಾವ್ಕಾರ ಸೋಮಶೇಖರಪ್ಪನವರು ಗಿಡದ ಸಾಲು ಅರ್ಧ ಮುಗಿದಿರುವಾಗಲೇ ಕರೆಸಿದ್ದರು. ಸೊಂಟದ ಚೀಲ ಬಿಚ್ಚಿಡಲೂ ಪುರುಸೊತ್ತಿರಲಿಲ್ಲ. ತಾವು ಕಣ್ಣು ಮುಚ್ಚಿದ ಮೇಲೆ ಮಗ ದರ್ಶನ್, ಮಗಳು ದಿವ್ಯಾ ಕೋರ್ಟಿನ ಮೆಟ್ಟಿಲು ಸವೆಸಬಾರದು ಅಂತ ಉಯಿಲು ಬರೆಸಿದ್ದರು ಸಾವ್ಕಾರರು. ಮೇಲಿನ ತೋಟ ಅವನಿಗೆ, ಹಳ್ಳದ ದಂಡೆಯದು ಅವಳಿಗೆ. ಒಂದು ಸಾಕ್ಷಿ ಲಾಯರದು, ಇನ್ನೊಂದು ಜವರಮ್ಮನದು.

“ಇವಳೇ. ಯಾಕೆ?”

“ಎರಡು ಗುಂಟೆ, ಅದರಲ್ಲಿರೋ ಲೈನ್ ಮನೆ ಇವರಿಗೆ ಅಂತಲೂ ಬರೆಸಿದ್ದೀರಲ್ಲ. ಆಸ್ತಿ ತಗೊಳ್ಳೋರೇ ಸಾಕ್ಷಿ ಹಾಕಿದ್ರೆ ನಾಳೆ ಅದನ್ನೇ ಹಿಡ್ಕೊಂಡು ಎಳೀತಾರೆ. ಬೇರೆ ಯಾರನ್ನಾದ್ರೂ ಕರೀರಿ.”

“ಬೇರೆ ಯಾರು ಮಾರಾಯ? ಮೇಸ್ತ್ರಿ ದರ್ಶನ್ ಕಡೆಯೋನು ಅಂತಾಳೆ ಮಗಳು. ಲೆಕ್ಕ ಬರೆಯೋ ರೈಟರ್ ದಿವ್ಯಾ ಕಡೆಯೋನು ಅಂತಾನೆ ಮಗ. ಇಬ್ಬರಿಗೂ ಮೀಯಿಸಿ ಉಣ್ಣಿಸಿದೋಳು ಇವಳು. ಇವಳು ‘ನಾನು ಕಂಡಿದ್ದೀನಿ’ ಅಂದ್ರೆ ಮಾತ್ರ ಇಬ್ಬರೂ ಬಾಯಿ ಮುಚ್ತಾರೆ.”

“ಹಂಗಾದ್ರೆ ಇವರಿಗೆ ಬರೆದಿರೋದನ್ನ ತೆಗೀಬೇಕಾಗುತ್ತೆ.”

“ತೆಗೀರಿ.”

ಒಂದು ಉಸಿರು ಕೂಡ ತಡವಾಗಲಿಲ್ಲ. ಷಡಕ್ಷರಿ ಪೆನ್ನಿನಿಂದ ಗೀಟು ಎಳೆದರು. ಮೂರೇ ಸಾಲು. ಜವರಮ್ಮನ ಮೊಣಕಾಲು ಈ ವರ್ಷ ಇಳಿಜಾರಿನಲ್ಲಿ ನಿಲ್ಲುತ್ತಿಲ್ಲ. ದುಡಿಯುವ ಕೈ ಇರುವ ತನಕ ಮಾತ್ರ ತೋಟದಾಳಿಗೆ ಲೈನ್ ಮನೆ. ಕೈ ಬಿದ್ದ ದಿನ ಪಾತ್ರೆ ಪಗಡೆ ರಸ್ತೆಗೆ. ಬಣಕಲ್ಲಿನ ಬಟ್ಟೆ ಅಂಗಡಿಯಲ್ಲಿ ನಿಂತು ದುಡಿಯುವ ಮಗಳು ರಂಜಿತಾ ಸಂಜೆ ಬಂದು ಸೇರುವುದೂ ಆ ಸೂರಿನ ಕೆಳಗೇ.

“ಹೆದರಬೇಡ ಕಣೇ ಜವರಿ,” ಅಂದರು ಸೋಮಶೇಖರಪ್ಪ. “ಮಕ್ಕಳಿಗೆ ನಾನೇ ಬಾಯಲ್ಲಿ ಹೇಳಿರ್ತೀನಿ. ನಿನ್ನ ಮನೆ ಯಾರೂ ಮುಟ್ಟಲ್ಲ. ನನ್ನ ಮಾತು ಅಂದ್ರೆ ಮಾತು.”

ಅವಳಿಗೆ ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಇದೇ ಮಾತನ್ನು ಇವರ ಅಪ್ಪ ಅವಳ ಅತ್ತೆಗೆ ಹೇಳಿದ್ದರು. ಕಾಫಿಗೆ ನೆರಳಾದ ಕೊಂಬೆ ಸವರಲು ಸಿಲ್ವರ್ ಮರ ಹತ್ತಿದ ಗಂಡ ಭೂತಯ್ಯ ಬಿದ್ದು ಸೊಂಟ ಮುರಿದುಕೊಂಡಾಗ, ಮಂಚದ ಪಕ್ಕ ನಿಂತು ಇವರೇ ಹೇಳಿದ್ದರು. ಅತ್ತೆ ಆ ಮಾತನ್ನು ನಂಬಿಯೇ ಸತ್ತಳು, ಭೂತಯ್ಯನೂ ನಂಬಿಯೇ ಸತ್ತ. ಅದು ಕಾಗದಕ್ಕೆ ಇಳಿದದ್ದು ಇದೇ ಮೊದಲು. ಇಳಿದು ಒಂದು ಗಳಿಗೆಯೂ ನಿಲ್ಲಲಿಲ್ಲ.

ಷಡಕ್ಷರಿ ಕೊನೆಯ ಹಾಳೆ ತಿರುಗಿಸಿ ಪೆನ್ನು ಚಾಚಿದರು. “ತಿದ್ದಿಸಿಕೊಂಡು ನಾಳೆ ಸರಿಯಾದ ಪ್ರತಿ ತರ್ತೀನಿ. ರುಜು ಬರುತ್ತೋ, ಹೆಬ್ಬೆಟ್ಟೋ? ಇದರಲ್ಲೊಂದು ಹಾಕಿ ತೋರ್ಸಮ್ಮ.”

“ಬರುತ್ತೆ,” ಅಂದಳು. ಪೆನ್ನು ಮುಟ್ಟಲಿಲ್ಲ. ಕಂಬ ಹಿಡಿದು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಊರಿ ಎದ್ದು ನಿಂತಳು.

“ಎಲ್ಲಿಗೆ ಹೊರಟೆ? ಅಷ್ಟೂ ನಂಬಿಕೆ ಇಲ್ವೇನೆ ನನ್ನ ಮೇಲೆ?”

ಜವರಮ್ಮ ಸೊಂಟದ ಚೀಲ ಬಿಗಿದುಕೊಂಡಳು. ತೋಟದ ಕಡೆಗೆ ನೋಡುತ್ತಲೇ, ಸಂಜೆಯ ಹೊರೆ ಇಳಿಸಿದವಳ ಹಾಗೆ ನಿಧಾನಕ್ಕೆ ಅಂದಳು:

“ನಿಮ್ಮ ಬಾಯಿಮಾತು ಅಷ್ಟು ನಡೀತದೆ ಅಂದ್ರೆ, ತೋಟನ ಮಕ್ಕಳಿಗೆ ಬಾಯಲ್ಲೇ ಹಂಚಿಬಿಡಿ ಸಾವ್ಕಾರ್ರೆ. ಆ ಕಾಗದದಲ್ಲಿ ನನ್ನ ಮನೆ ಒಂದನ್ನೇ ಬರೀರಿ.”