ಗಾಜಿನ ಪೆಟ್ಟಿಗೆಯ ಹುಳ

ಅತ್ತೆಯ ಮುಷ್ಟಿಯನ್ನು ಗಿರಿಜಾ ಬಿಡಿಸಿ ನೋಡಿದಳು. ಒಳಗೆ ನಾಲ್ಕು ಕಾಳು ಮಂಡಕ್ಕಿ.

“ಹುಳ ಎಂತಕೆ ಹೆಚ್ಚಾಪುದ್ ಅಂತ ಈಗ ಗೊತ್ತಾಯ್ತ್ ಅತ್ತೆ.”

ಅತ್ತೆ ಪದ್ದಮ್ಮ ಅಲ್ಲಗಳೆಯಲಿಲ್ಲ. ದೇವಸ್ಥಾನದ ಕೆರೆಯ ಮೀನಿಗೆ ಹಾಕಿದರೆ ಪುಣ್ಯ, ಮನೆಯ ಮೀನಿಗೆ ಹಾಕಿದರೆ ಪಾಪವೋ ಎಂದು ಕೇಳಿದರು. ದಿನಕ್ಕೊಂದು ಚಿಟಿಕೆ, ಅಷ್ಟೇ ಎಂದರು. ಗಿರಿಜಾ ನಂಬಲಿಲ್ಲ. ಮರುದಿನದ ಬಸ್ಸಿಗೆ ಅತ್ತೆಯನ್ನು ಕೊಕ್ಕರ್ಣೆಯ ಮೂಲಮನೆಗೆ ಕಳಿಸಿದಳು. ಬಸ್ಸು ಹೋದಮೇಲೆ ಬೇಸರವಾಗಬೇಕಿತ್ತು. ಆಗಲಿಲ್ಲ. ಅವಳಿಗೆ ಏನೂ ಆಗುವುದು ನಿಂತು ಬಹಳ ದಿನವಾಗಿತ್ತು.

ಮೀನು ಸಾಕಿದ ಆ ಗಾಜಿನ ಪೆಟ್ಟಿಗೆ ಬೊಂಬಾಯಿಯದು. ಗಂಡ ರತ್ನಾಕರ ಅಲ್ಲಿ ಹೋಟೆಲು ನಡೆಸುತ್ತಿದ್ದಾಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದ. ಎರಡನೆಯ ಹೋಟೆಲಿಗೆ ಬೋರ್ಡು ಬರೆಸಿದ ವಾರವೇ ಲಕ್ವ ಹೊಡೆದು ಅವನ ಎಡಭಾಗ ಬಿದ್ದುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರು ಕುಂದಾಪುರದವರು. ಅನ್ನುವವರಿಗೇನು ಕಷ್ಟ? ಅರವತ್ತಾರನೇ ಇಸವಿಯ ಮಳೆಗಾಲಕ್ಕೆ ಮುಂಚೆ ಅವನನ್ನು ಊರಿಗೆ ಕರೆತಂದರು, ಜೊತೆಗೆ ಪೆಟ್ಟಿಗೆಯನ್ನೂ. ಈಗ ಅದು ಚಾವಡಿಯ ಕಿಟಕಿಗೆ ತಾಗಿ, ಅವನ ಮಂಚದ ಬಲಗಡೆಗೆ ಇದೆ. ಒಳಗೆ ಎರಡು ಬಂಗಾರದ ಮೀನು. ಅವನ ಮುಖದಲ್ಲಿ ಒಂದಿಷ್ಟು ಜೀವ ಕಾಣುತ್ತಿದ್ದುದು ಅವುಗಳನ್ನು ನೋಡುವಾಗ ಮಾತ್ರ. ಹಾಗಾಗಿ ಮೀನು ಉಳಿಯಬೇಕಿತ್ತು. ಮೀನು ಉಳಿದರೆ ಅವನೂ ಉಳಿದಾನು ಎಂದು ಗಿರಿಜಾ ಲೆಕ್ಕ ಹಾಕಿದ್ದಳು.

ಬಸವನಹುಳು ಬಂದದ್ದು ಅವಳಿಂದಲೇ. ಪೆಟ್ಟಿಗೆಗೆ ಚೆಂದವೆಂದು ಬಸ್ರೂರಿನ ಕೆರೆಯಿಂದ ನೀರುಗಿಡ ತಂದು ನೆಟ್ಟಳು. ಎಲೆಗೆ ಅಂಟಿಕೊಂಡು ಅವೂ ಬಂದವು. ರಕ್ತಬೀಜಾಸುರನ ಸಂತಾನ, ಒಂದು ತೆಗೆದರೆ ಹತ್ತು. ತೋಟದ ದುಗ್ಗಪ್ಪ ಅಡಿಕೆಗೆ ಹೊಡೆಯುವ ಮೈಲುತುತ್ತನ್ನು ಪೊಟ್ಟಣ ಕಟ್ಟಿ ತಂದುಕೊಟ್ಟ. ಹುಳದೊಂದಿಗೆ ಮೀನೂ ಸಾಯುತ್ತದೆಂದು ತಿಳಿದು ಅವಳು ಅದನ್ನು ಹಿಂದಕ್ಕೆ ಕೊಟ್ಟಳು. ಆಮೇಲೆ ಸಂಜೆ ಒಂದು ಸೌತೆಕಾಯಿ ಹೋಳು ನೀರಿಗೆ ಇಳಿಬಿಡುವುದು, ಬೆಳಿಗ್ಗೆ ಮುತ್ತಿಕೊಂಡ ಹುಳಗಳ ಸಮೇತ ಎತ್ತಿ ಬಕೆಟಿಗೆ ಹಾಕುವುದು. ಗಂಜಿ, ಕೊಟ್ಟಿಗೆ, ಒಗೆತ, ಹುಳ. ದಿನ ಮುಗಿಯುತ್ತಿತ್ತು.

ಅಂಥದ್ದೊಂದು ಬೆಳಿಗ್ಗೆ ಅವಳು ಕಿಟಕಿಯ ಹೊರಗೆ ಬಕೆಟು ಇಟ್ಟುಕೊಂಡು ನಿಂತಿದ್ದಾಗ, ಬೇಲಿಯಾಚೆಯಿಂದ ನೆರೆಮನೆಯ ಗುಲಾಬಿ ಬಕೆಟಿನೊಳಗೆ ಇಣುಕಿ ಮೂಗು ಮುಚ್ಚಿಕೊಂಡಳು.

“ಹ್ವಾಯ್ ಗಿರಿಜಕ್ಕ, ಇವತ್ ಹ್ಯಾಂಗಿತ್?”

“ಎಷ್ಟ್ ಮಾಡ್ರೂ ಅಷ್ಟೇ. ಸಾಯುದೂ ಇಲ್ಲ, ಬಿಟ್ ಹೋಪುದೂ ಇಲ್ಲ. ನಂಗ್ ಸಾಕ್ ಸಾಕಾಯ್ತ್.”

ಗುಲಾಬಿ ನಕ್ಕಳು. ಗಿರಿಜಾಳಿಗೂ ಅಷ್ಟರಮಟ್ಟಿಗೆ ಹಗುರವಾಯಿತು.

ಆ ತಿಂಗಳಿನಿಂದಲೇ ಎಲ್ಲವೂ ಹದಗೆಟ್ಟದ್ದು. ಹುಳ ಎಂದೂ ಇಲ್ಲದಷ್ಟು ಹೆಚ್ಚಿದವು. ಮೂರು ದಿನಕ್ಕೇ ನೀರು ಕದಡಿ ಬೆಳ್ಳಗಾಗುತ್ತಿತ್ತು. ರತ್ನಾಕರನ ಕೆನ್ನೆ ಒಳಗೆ ಹೋಯಿತು. ಅವಳು ಡಾಕ್ಟರನ್ನು ಕರೆಸಿದಳು.

“ಜ್ವರ ಇಲ್ಲ, ಮಾತ್ ಕಮ್ಮಿ, ದಿನಾ ಸೊರಗುದೇ ಆಯ್ತ್” ಎಂದಳು.

ಡಾಕ್ಟರು ಘಟ್ಟದ ಮೇಲಿನವರು. ರೋಗಿಗೆ ಹೆಸರಿಲ್ಲವೇ ಎಂದು ತಮಾಷೆ ಮಾಡಿದರು. ಗಂಡನ ಹೆಸರು ಹೇಳುವ ರೂಢಿ ಅವಳಿಗಿರಲಿಲ್ಲ. ‘ಅವರು’ ಎಂದೂ ಅನ್ನುತ್ತಿರಲಿಲ್ಲ. ಅವಳು ಹೆಸರಿಲ್ಲದೆ ಆಡಿದ ಮಾತೆಲ್ಲ ಗಂಡನದೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ನಾಡಿ ನೋಡಿ, ಹೀಗೇ ಇಳಿದರೆ ಮಳೆಗಾಲ ದಾಟುವುದು ಕಷ್ಟ, ಊಟ ಹೆಚ್ಚು ಮಾಡಿ ಎಂದರು. ಹೊರಡುವಾಗ ಪೆಟ್ಟಿಗೆಯ ಗಾಜು ತಟ್ಟಿ, ತಿಂದು ಮಿಕ್ಕದ್ದು ನೀರಿನಲ್ಲಿ ಕೊಳೆತರೆ ಹುಳ ಹೆಚ್ಚುತ್ತದೆ, ಯಾರೋ ಕೈ ಬಿಚ್ಚಿ ತಿಂಡಿ ಹಾಕುತ್ತಿದ್ದಾರೆ ಎಂದೂ ಹೇಳಿದರು. ಅತ್ತೆಯ ಮೇಲೆ ಅವಳ ಕಣ್ಣು ಬಿದ್ದದ್ದು ಆಗ.

ಗಿರಿಜಾ ಬಟ್ಟಲು ದೊಡ್ಡದು ಮಾಡಿದಳು. ಕುಚ್ಚಲಕ್ಕಿಯ ಗಂಜಿಗೆ ತೆಂಗಿನ ಹಾಲು, ಮೈಗೆ ಹಿಡಿಯಲೆಂದು ಒಂದು ಹಿಡಿ ಮೆಂತ್ಯ. ಆ ಕಹಿಯನ್ನು ಮನೆಯಲ್ಲಿ ಬೇರೆ ಯಾರೂ ಬಾಯಿಗಿಡುತ್ತಿರಲಿಲ್ಲ. ಬಲಗೈ ಇನ್ನೂ ನನ್ನದೇ ಎಂದು ರತ್ನಾಕರ ತಾನೇ ಉಣ್ಣುವ ಹಟ ಹಿಡಿದಿದ್ದ. ಬಟ್ಟಲು ಕೊಟ್ಟು ಅವಳು ಕೊಟ್ಟಿಗೆಗೆ ಹೋಗುವಳು. ಹಾಲು ಕರೆದು ಬಂದು, ಉಂಡಾಯ್ತಾ ಎಂದು ಕೇಳುವಳು.

“ಬಟ್ಲ್ ಖಾಲಿ” ಎನ್ನುತ್ತಿದ್ದ.

ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಬಟ್ಟಲೂ ಖಾಲಿಯೇ ಇರುತ್ತಿತ್ತು.

ಅತ್ತೆ ಹೋದ ಮೇಲೂ ಹುಳ ಕಮ್ಮಿಯಾಗಲಿಲ್ಲ. ತಳದ ಬೆಣಚುಕಲ್ಲುಗಳಲ್ಲೇ ಮೊಟ್ಟೆ ಇರಬೇಕು, ಎಲ್ಲವನ್ನೂ ತೆಗೆದು ಕುದಿಸಿಬಿಡುವುದೆಂದು ಅವಳು ರವಿಕೆಯ ತೋಳು ಮಡಚಿ ನೀರಿಗೆ ಕೈ ಹಾಕಿದಳು. ಮಂಚದ ಕಡೆಯ ಮೂಲೆಯಲ್ಲಿ ಕಲ್ಲಿನಡಿ ಮೆತ್ತಗೆ ಏನೋ ಸಿಕ್ಕಿತು. ಅಂಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಕೊಳೆತ ಅನ್ನ, ಅದರ ಮೇಲೆ ಹುಳ, ಹುಳಗಳ ನಡುವೆ ಊದಿಕೊಂಡ ಹಳದಿ ಕಾಳು.

ಮೆಂತ್ಯ.

ನೀರು ಸೋರುವ ಕೈ ಚಾಚಿಕೊಂಡೇ ಅವಳು ಗಂಡನ ಮುಂದೆ ನಿಂತಳು. “ಎಂತಕೆ?”

ರತ್ನಾಕರ ಮೀನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. “ನಂಗ್ ಸಿಟ್ಟಿಲ್ಲ ಗಿರಿಜಾ. ಸಾಯುದೂ ಇಲ್ಲ, ಬಿಟ್ ಹೋಪುದೂ ಇಲ್ಲ ಅಂತ ನೀನ್ ಗುಲಾಬಿ ಹತ್ರ ಅಂದದ್ದ್ ಕೇಳಿದೆ. ನೀನ್ ಅಂದದ್ದ್ ಸರಿಯೇ.”

ಅಂದು ಬಕೆಟು ಕಿಟಕಿಯ ಕೆಳಗಿತ್ತು, ಮಂಚದಿಂದ ಕಾಣುವುದಿಲ್ಲ; ಹುಳ ಎಂಬ ಮಾತನ್ನು ಅವಳು ಹೇಳಿಯೇ ಇರಲಿಲ್ಲ.